ಶೇಕಡಾ ಲೆಕ್ಕ: ಮುಂಬೈಯ ಕನ್ನಡ ಮಕ್ಕಳೂ ಪಾಲಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಿಗೂ, ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಮನೆಯಲ್ಲಿ ಕನ್ನಡದಲ್ಲಿ ಲೆಕ್ಕ ಹೇಳಿಸಿಕೊಳ್ಳುವ ಮಕ್ಕಳಿಗೂ ಈ ಉತ್ತರಗಳು. ಐದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಬರುವ ಶೇಕಡಾ ಲೆಕ್ಕಗಳೆಲ್ಲ ಇದರಲ್ಲಿ ಅಡಗಿವೆ. ತಪ್ಪಾದ ಲೆಕ್ಕವನ್ನು ಬಿಡಿಸಿ ನೋಡಿದರೆ ಗುಣಾಕಾರ, ಭಾಗಾಕಾರ ಬಹುತೇಕ ಸರಿಯಾಗಿಯೇ ಇರುತ್ತದೆ. ಯಾವ ಸಂಖ್ಯೆಯನ್ನು ನೂರು ಎಂದು ಹಿಡಿಯಬೇಕಿತ್ತೋ ಅದನ್ನು ಬಿಟ್ಟು ಬೇರೆಯದನ್ನು ಹಿಡಿದಿರುತ್ತಾರೆ. ನೂರು ಎಂದು ಹಿಡಿಯಬೇಕಾದ ಆ ಸಂಖ್ಯೆಯನ್ನು ಇಲ್ಲಿ ಎಲ್ಲ ಕಡೆ "ಮೂಲ" ಎಂದು ಕರೆದಿದ್ದೇವೆ.

ಶೇಕಡಾ ಅಂದರೆ "ನೂರಕ್ಕೆ ಇಷ್ಟು" ಎಂದರೆ ಸಾಕೇ?

ಅದು ಅರ್ಧ ಉತ್ತರ. ಯಾವುದರ ನೂರಕ್ಕೆ ಎಂದೂ ಹೇಳಿದಾಗ ಉತ್ತರ ಪೂರ್ತಿಯಾಗುತ್ತದೆ. ಲೆಕ್ಕದ ಮಟ್ಟಿಗೆ ಶೇಕಡಾ ಎಂದರೆ ಛೇದ 100 ಇರುವ ಭಿನ್ನರಾಶಿ: ಶೇ. 35 ಎಂದರೆ 35/100, ದಶಮಾಂಶದಲ್ಲಿ 0.35.

ಮೂಲ ಎಷ್ಟು ಮುಖ್ಯ ಎಂದು ತಿಳಿಯಲು ಮಳೆಗಾಲದ ದಿನಪತ್ರಿಕೆ ತೆರೆಯಿರಿ. ಮುಂಬೈಗೆ ನೀರು ಕೊಡುವ ಜಲಾಶಯಗಳು ಏಳು: ಭಾತ್ಸಾ, ಅಪ್ಪರ್ ವೈತರಣಾ, ಮಧ್ಯ ವೈತರಣಾ, ತಾನ್ಸಾ, ಮೋಡಕ್ ಸಾಗರ, ವಿಹಾರ, ತುಳಸಿ. ಏಳೂ ತುಂಬಿದರೆ ಬಳಕೆಗೆ ಸಿಗುವ ನೀರು 14,47,363 ದಶಲಕ್ಷ ಲೀಟರ್. ಇದರಲ್ಲಿ ಭಾತ್ಸಾ ಒಂದರದ್ದೇ 7,17,037. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿರುವ ತುಳಸಿಯದ್ದು ಬರೀ 8,046.

ಜೋರು ಮಳೆ ಬಂದಾಗ "ತುಳಸಿ ಕೆರೆ ಕೋಡಿ ಬಿತ್ತು" ಎಂಬ ಸುದ್ದಿ ಬರುತ್ತದೆ. ತುಳಸಿ ಶೇ. 100 ತುಂಬಿದ್ದು ನಿಜ. ಆದರೆ ಮೂಲವನ್ನು ತುಳಸಿಯಿಂದ ಏಳು ಜಲಾಶಯಗಳ ಒಟ್ಟಿಗೆ ಬದಲಿಸಿ ನೋಡಿ:

8,046 ÷ 14,47,363 × 100 = 0.56

ಅಂದರೆ ಊರಿನ ಒಟ್ಟು ಸಂಗ್ರಹಕ್ಕೆ ಸೇರಿದ್ದು ಶೇ. 1 ಕೂಡ ಅಲ್ಲ. ಅತ್ತ ಭಾತ್ಸಾದಲ್ಲಿ ಅದರ ಸಾಮರ್ಥ್ಯದ ಶೇ. 2ರಷ್ಟು ನೀರು ಏರಿದರೆ ಅದು ಸುಮಾರು 14,341 ದಶಲಕ್ಷ ಲೀಟರ್. ತುಂಬಿ ಹರಿಯುವ ತುಳಸಿಯ ನೀರಿನ ಸುಮಾರು ಒಂದೂಮುಕ್ಕಾಲು ಪಟ್ಟು. ಶೇ. 2 ದೊಡ್ಡದೋ ಶೇ. 100 ದೊಡ್ಡದೋ ಎಂದು ಮಗುವನ್ನು ಕೇಳಿ. "ಯಾವುದರ ಶೇಕಡಾ?" ಎಂದು ಅದು ತಿರುಗಿ ಕೇಳಿದರೆ ಈ ಪಾಠ ತಲೆಗೆ ಹತ್ತಿದೆ ಎಂದೇ ಅರ್ಥ.

ಒಂದು ಸಂಖ್ಯೆಯ ಶೇ. ಇಷ್ಟು ಎಂದು ತೆಗೆಯಲು ಸುಲಭದ ದಾರಿ ಯಾವುದು?

ಪುಸ್ತಕದ ದಾರಿ: ಸಂಖ್ಯೆ × ದರ ÷ 100. ಇದು ಎಲ್ಲ ಕಡೆ ನಡೆಯುತ್ತದೆ. ಬಾಯಿಲೆಕ್ಕಕ್ಕೆ ಇನ್ನೆರಡು ದಾರಿ ಇವೆ.

ಮೊದಲನೆಯದು, ಶೇ. 10 ಮತ್ತು ಶೇ. 1ನ್ನು ತೆಗೆದು ಕೂಡಿಸುವುದು. 340ರ ಶೇ. 15 ಬೇಕು ಅನ್ನಿ. ದಶಮಾಂಶ ಬಿಂದುವನ್ನು ಒಂದು ಸ್ಥಾನ ಎಡಕ್ಕೆ ಸರಿಸಿದರೆ ಶೇ. 10 ಸಿಗುತ್ತದೆ, 34. ಅದರ ಅರ್ಧ ಶೇ. 5, ಅಂದರೆ 17. ಎರಡೂ ಸೇರಿ 51. ಶೇ. 12 ಬೇಕಿದ್ದರೆ ಶೇ. 10ಕ್ಕೆ ಎರಡು ಸಲ ಶೇ. 1 ಸೇರಿಸಿ: 34 + 3.4 + 3.4 = 40.8.

ಎರಡನೆಯದು ಭಿನ್ನರಾಶಿಯ ದಾರಿ. ಕೆಲವು ಜೋಡಿಗಳು ಮಗ್ಗಿಯ ಹಾಗೆ ನಾಲಿಗೆಯ ತುದಿಯಲ್ಲಿರಬೇಕು: 1/2 ಶೇ. 50, 1/3 ಶೇ. 33⅓, 1/4 ಶೇ. 25, 1/5 ಶೇ. 20, 1/6 ಶೇ. 16⅔, 1/8 ಶೇ. 12½, 1/12 ಶೇ. 8⅓. ಶೇ. 37½ ಎಂದು ಕಂಡಾಗ ಹೆದರಬೇಕಿಲ್ಲ. ಅದು ಮೂರು ಸಲ 12½, ಅಂದರೆ 3/8. 64ರ ಶೇ. 37½ ಎಂದರೆ 64ನ್ನು 8ರಿಂದ ಭಾಗಿಸಿ 3ರಿಂದ ಗುಣಿಸಿದರೆ 24.

ಇನ್ನೊಂದು ಚಿಕ್ಕ ಉಪಾಯವಿದೆ. 75ರ ಶೇ. 4 ಮತ್ತು 4ರ ಶೇ. 75 ಒಂದೇ, ಏಕೆಂದರೆ ಎರಡರಲ್ಲೂ 4 × 75 ÷ 100 ಇದೆ. 4ರ ಮುಕ್ಕಾಲು 3 ಎಂದು ಯಾರೂ ಹೇಳಬಲ್ಲರು. ಉತ್ತರ ತೆಗೆಯಲು ಮಾತ್ರ ಹೀಗೆ ತಿರುಗಿಸಿ. ಲೆಕ್ಕದ ಅರ್ಥ ಹೇಳುವಾಗ ಮೂಲ ಮೊದಲಿನದೇ.

ಪ್ರಶ್ನೆ ಓದಿದ ಮೇಲೂ ಗುಣಿಸಬೇಕೋ ಭಾಗಿಸಬೇಕೋ ತಿಳಿಯುವುದಿಲ್ಲ. ಏನು ಮಾಡಲಿ?

ಶೇಕಡಾ ಲೆಕ್ಕದಲ್ಲಿ ಇರುವುದು ಮೂರೇ ಸಂಗತಿ: ಮೂಲ, ದರ, ಭಾಗ. ಎರಡನ್ನು ಕೊಟ್ಟು ಮೂರನೆಯದನ್ನು ಕೇಳುತ್ತಾರೆ.

80ರ ಶೇ. 35 ಎಷ್ಟು? ಇಲ್ಲಿ ಭಾಗ ಬೇಕು: 80 × 35 ÷ 100 = 28.
80ಕ್ಕೆ 28 ಬಂದರೆ ಶೇಕಡಾ ಎಷ್ಟು? ದರ ಬೇಕು: 28 ÷ 80 × 100 = 35.
ಒಂದು ಸಂಖ್ಯೆಯ ಶೇ. 35 ಎಂದರೆ 28. ಆ ಸಂಖ್ಯೆ ಯಾವುದು? ಮೂಲ ಬೇಕು: 28 × 100 ÷ 35 = 80.

ಮಕ್ಕಳು ಎಡವುವುದು ಮೂರನೆಯ ಬಗೆಯಲ್ಲಿ. 28ರ ಶೇ. 35 ತೆಗೆದು 9.8 ಎಂದು ಬರೆದುಬಿಡುತ್ತಾರೆ. 28 ಎನ್ನುವುದು ಆ ಸಂಖ್ಯೆಯ ಒಂದು ಭಾಗ, ಪೂರ್ತಿ ಸಂಖ್ಯೆ ಅದಕ್ಕಿಂತ ದೊಡ್ಡದಿರಲೇಬೇಕು ಎಂದು ಒಂದು ಕ್ಷಣ ಯೋಚಿಸಿದರೂ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡದ ವಾಕ್ಯದಲ್ಲಿ ಮೂಲ ಎಲ್ಲಿದೆ ಎಂದು ಗುರುತಿಸುವುದು ಕಷ್ಟವಲ್ಲ. "ಶೇಕಡಾ" ಎಂಬ ಪದದ ಹಿಂದೆ ಷಷ್ಠಿ ವಿಭಕ್ತಿಯಲ್ಲಿರುವುದೇ ಸಾಮಾನ್ಯವಾಗಿ ಮೂಲ: "ಸಂಬಳದ ಶೇ. 20", "ಮಾರಿದ ಬೆಲೆಯ ಶೇ. 10". "ಇಷ್ಟಕ್ಕೆ ಇಷ್ಟು" ಎಂದಿದ್ದರೆ "ಕ್ಕೆ" ಹತ್ತಿದ್ದು ಮೂಲ. "ಅದಕ್ಕಿಂತ ಶೇ. ಇಷ್ಟು ಹೆಚ್ಚು" ಎಂದಿದ್ದರೆ "ಕ್ಕಿಂತ" ಹತ್ತಿದ್ದು ಮೂಲ. ಪ್ರಶ್ನೆ ಓದುತ್ತಿದ್ದಂತೆ ಆ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು "100" ಎಂದು ಬರೆಯುವ ಅಭ್ಯಾಸ ಮಾಡಿಸಿ.

ಎಸ್ಸೆಸ್ಸಿ (ಹತ್ತನೇ ತರಗತಿ) ಅಂಕಗಳ ಶೇಕಡಾ ಹೇಗೆ ತೆಗೆಯುತ್ತಾರೆ?

ಮಹಾರಾಷ್ಟ್ರ ಮಂಡಳಿಯಲ್ಲಿ ಆರು ವಿಷಯ, ತಲಾ 100 ಅಂಕ. ಶೇಕಡಾ ತೆಗೆಯುವಾಗ ಹೆಚ್ಚು ಅಂಕ ಬಂದ ಐದು ವಿಷಯಗಳನ್ನು ಹಿಡಿಯುತ್ತಾರೆ. ಇದೇ "ಬೆಸ್ಟ್ ಆಫ್ ಫೈವ್". ಹಾಗಾಗಿ ಮೂಲ 600 ಅಲ್ಲ, 500.

ಒಬ್ಬ ವಿದ್ಯಾರ್ಥಿಗೆ 78, 71, 64, 83, 69, 58 ಬಂದಿದೆ ಅನ್ನಿ. 58ನ್ನು ಬಿಟ್ಟರೆ ಮೊತ್ತ 365. 365 ÷ 500 × 100 = 73. ಆರನ್ನೂ ಕೂಡಿಸಿ 600ಕ್ಕೆ ಹಿಡಿದರೆ 423 ÷ 600, ಅಂದರೆ 70.5 ಆಗುತ್ತಿತ್ತು. ಬಿಟ್ಟ ವಿಷಯದಲ್ಲೂ ಪಾಸಾಗಿರಲೇಬೇಕು. ಶೇ. 75 ಮತ್ತು ಮೇಲೆ ಡಿಸ್ಟಿಂಕ್ಷನ್, 60 ಮತ್ತು ಮೇಲೆ ಪ್ರಥಮ ದರ್ಜೆ, 45 ಮತ್ತು ಮೇಲೆ ದ್ವಿತೀಯ, 35 ಮತ್ತು ಮೇಲೆ ಪಾಸು. ಬೇರೆ ಮಂಡಳಿಯಲ್ಲಿ ಓದುವವರು ತಮ್ಮ ಅಂಕಪಟ್ಟಿಯಲ್ಲಿ ಒಟ್ಟು ಎಷ್ಟಕ್ಕೆ ಎಂದಿದೆಯೋ ಅದನ್ನೇ ಮೂಲವಾಗಿ ಹಿಡಿಯಬೇಕು.

ಒಂದು ಪರೀಕ್ಷೆಯಲ್ಲಿ ಶೇ. 90, ಇನ್ನೊಂದರಲ್ಲಿ ಶೇ. 60. ಸರಾಸರಿ ಶೇ. 75 ತಾನೇ?

ಎರಡೂ ಪರೀಕ್ಷೆಗಳ ಒಟ್ಟು ಅಂಕ ಒಂದೇ ಇದ್ದರೆ ಮಾತ್ರ. ಆಂತರಿಕ ಮೌಲ್ಯಮಾಪನದಲ್ಲಿ 20ಕ್ಕೆ 18 ಬಂದರೆ ಶೇ. 90. ಬರೆವಣಿಗೆಯ ಪರೀಕ್ಷೆಯಲ್ಲಿ 80ಕ್ಕೆ 48 ಬಂದರೆ ಶೇ. 60. ಒಟ್ಟು 100ಕ್ಕೆ 66. ಶೇ. 75 ಎಲ್ಲಿ, ಶೇ. 66 ಎಲ್ಲಿ!

ಈ ತಪ್ಪನ್ನು ದೊಡ್ಡವರೂ ಮಾಡುವುದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುವುದು ಒಳ್ಳೆಯದು. ಜನಗಣತಿಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ಮುಂಬೈ ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 33,38,031 ಇತ್ತು. 2011ರಲ್ಲಿ 30,85,411ಕ್ಕೆ ಇಳಿಯಿತು. ಇಳಿಕೆ 2,52,620, ಅಂದರೆ ಶೇ. 7.57. ಅದೇ ಹತ್ತು ವರ್ಷಗಳಲ್ಲಿ ಮುಂಬೈ ಉಪನಗರ ಜಿಲ್ಲೆ 86,40,419ರಿಂದ 93,56,962ಕ್ಕೆ ಏರಿತು. ಏರಿಕೆ 7,16,543, ಅಂದರೆ ಶೇ. 8.29.

ಎರಡೂ ಸೇರಿದ ಬೃಹನ್ಮುಂಬೈ ಎಷ್ಟು ಬೆಳೆಯಿತು? ಒಂದು ಕಡೆ 7.57 ಇಳಿಕೆ, ಇನ್ನೊಂದು ಕಡೆ 8.29 ಏರಿಕೆ, ಸರಾಸರಿ ಶೇ. 0.36, ಹೆಚ್ಚುಕಡಿಮೆ ಬೆಳೆಯಲೇ ಇಲ್ಲ ಎನ್ನುವ ಉತ್ತರ ತಪ್ಪು. ಜನರನ್ನು ಕೂಡಿಸಿ ನೋಡಿ: 2001ರಲ್ಲಿ 1,19,78,450, 2011ರಲ್ಲಿ 1,24,42,373. ಏರಿಕೆ 4,63,923. ಇದನ್ನು 1,19,78,450ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 3.87. ಸರಾಸರಿಯ ಉತ್ತರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು! ಉಪನಗರದ ಮೂಲ ನಗರದ ಮೂಲಕ್ಕಿಂತ ಎರಡೂವರೆ ಪಟ್ಟಿಗೂ ದೊಡ್ಡದು. ಹಾಗಾಗಿ ಅದರ ಶೇ. 8.29ರಲ್ಲಿರುವ ಜನ ಬಹಳ ಹೆಚ್ಚು. ಮೂಲಗಳು ಬೇರೆ ಬೇರೆ ಇರುವಾಗ ಶೇಕಡಾಗಳನ್ನು ಕೂಡಿಸಬೇಡಿ, ಸರಾಸರಿ ತೆಗೆಯಬೇಡಿ. ಮೊದಲು ನಿಜವಾದ ಸಂಖ್ಯೆಗಳಿಗೆ ಹಿಂತಿರುಗಿ, ಅವನ್ನು ಕೂಡಿಸಿ, ಆಮೇಲೆ ಶೇಕಡಾ ತೆಗೆಯಿರಿ.

ಬೆಲೆ ಏರಿದ್ದರ ಶೇಕಡಾ ತೆಗೆಯುವಾಗ ಹಳೆಯ ಬೆಲೆಯಿಂದ ಭಾಗಿಸಬೇಕೋ ಹೊಸ ಬೆಲೆಯಿಂದಲೋ?

ಯಾವಾಗಲೂ ಹಳೆಯದರಿಂದ. ಏರಿಕೆ ಶುರುವಾದದ್ದು ಅಲ್ಲಿಂದ.

ಮುಂಬೈಯಲ್ಲಿ 2025ರ ಫೆಬ್ರವರಿ 1ರಿಂದ ರಿಕ್ಷಾದ ಕನಿಷ್ಠ ದರ 23 ರೂಪಾಯಿಯಿಂದ 26ಕ್ಕೆ, ಕಪ್ಪು-ಹಳದಿ ಟ್ಯಾಕ್ಸಿಯದ್ದು 28ರಿಂದ 31ಕ್ಕೆ ಏರಿತು. ಎರಡಕ್ಕೂ ಏರಿದ್ದು ಮೂರೇ ರೂಪಾಯಿ. ಆದರೆ ರಿಕ್ಷಾಗೆ 3 ÷ 23 × 100, ಅಂದರೆ ಶೇ. 13.04, ಟ್ಯಾಕ್ಸಿಗೆ 3 ÷ 28 × 100, ಅಂದರೆ ಶೇ. 10.71. 26ರಿಂದ ಭಾಗಿಸಿದವರಿಗೆ 11.54 ಬಂದಿರುತ್ತದೆ, ಅಂಕ ಹೋಯಿತು.

ಅದೇ ವರ್ಷದ ಮೇ 9ರಿಂದ ಮುಂಬೈಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸಿನ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10 ಆಯಿತು. ಇದು ಎಷ್ಟು ಏರಿಕೆ? "ಎರಡು ಪಟ್ಟು, ಆದ್ದರಿಂದ ಶೇ. 200" ಎಂದು ಬರೆಯುವ ಮಕ್ಕಳು ಬಹಳ. ಏರಿದ್ದು 5, ಹಳೆಯದು 5, ಆದ್ದರಿಂದ ಏರಿಕೆ ಶೇ. 100. ಹೊಸ ದರ ಹಳೆಯ ದರದ ಶೇ. 200 ಎಂದರೆ ಸರಿ; ಹೊಸ ದರ ಶೇ. 200 ಏರಿತು ಎಂದರೆ ತಪ್ಪು, ಆಗ ಟಿಕೆಟ್ 15 ರೂಪಾಯಿ ಆಗಬೇಕಿತ್ತು. "ದ" ಮತ್ತು "ಏರಿತು" ನಡುವಿನ ಈ ವ್ಯತ್ಯಾಸಕ್ಕೆ ಒಂದು ಪೂರ್ತಿ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಹಾಗಾದರೆ ಶೇಕಡಾ 100ಕ್ಕಿಂತ ಹೆಚ್ಚು ಇರಬಹುದೇ?

ಇರಬಹುದು. ಏರಿಕೆಗೆ ಮಿತಿಯಿಲ್ಲ. ಇಳಿಕೆಗೆ ಇದೆ: ಬೆಲೆ, ಜನಸಂಖ್ಯೆ, ನೀರಿನ ಮಟ್ಟ ಇಂಥವು ಶೇ. 100ಕ್ಕಿಂತ ಹೆಚ್ಚು ಇಳಿಯಲಾರವು, ಶೇ. 100 ಇಳಿದರೆ ಉಳಿಯುವುದು ಸೊನ್ನೆ. ಒಂದು ತರಗತಿಯ ಹಾಜರಿ, ಪಾಸಾದವರ ಪ್ರಮಾಣ ಇಂಥ ಕಡೆ 100 ದಾಟಿದ ಉತ್ತರ ಬಂದರೆ ಅಂಶ ಮತ್ತು ಛೇದ ಅದಲುಬದಲಾಗಿದೆ ಎಂದು ತಿಳಿಯಿರಿ.

ಶೇ. 10 ಇಳಿಸಿ ಮತ್ತೆ ಶೇ. 10 ಏರಿಸಿದರೆ ಮೊದಲಿನಷ್ಟೇ ಆಗಬೇಕಲ್ಲ? ಏಕೆ ಆಗುವುದಿಲ್ಲ?

ಎರಡನೆಯ ಸಲ ಮೂಲ ಬದಲಾಗಿರುತ್ತದೆ, ಅದಕ್ಕೆ.

ಕೆರೆಗಳಲ್ಲಿ ನೀರು ಕಡಿಮೆಯಾದಾಗ ಪಾಲಿಕೆ ಶೇ. 10 ನೀರು ಕಡಿತ ಸಾರುತ್ತದೆ. ದಿನಕ್ಕೆ 3,900 ದಶಲಕ್ಷ ಲೀಟರ್ ಬರುತ್ತಿತ್ತು ಎಂದು ಹಿಡಿಯೋಣ. ಶೇ. 10 ಎಂದರೆ 390, ಉಳಿದದ್ದು 3,510. ಈಗ ಇದಕ್ಕೆ ಶೇ. 10 ಸೇರಿಸಿದರೆ ಸೇರುವುದು 351 ಮಾತ್ರ, ಒಟ್ಟು 3,861. ಇನ್ನೂ 39 ಕಡಿಮೆ. ಮೊದಲಿನ ಮಟ್ಟಕ್ಕೆ ಮರಳಲು ಬೇಕಾದ ಏರಿಕೆ 390 ÷ 3,510 × 100, ಅಂದರೆ ಶೇ. 11.11.

ಶೇ. 20 ಇಳಿದದ್ದು ಮರಳಿ ಬರಲು ಶೇ. 25 ಏರಬೇಕು. ಶೇ. 25 ಇಳಿದಿದ್ದರೆ ಶೇ. 33⅓. ಶೇ. 50 ಇಳಿದಿದ್ದರೆ ಶೇ. 100. ಇಳಿಕೆ ದೊಡ್ಡದಾದಷ್ಟೂ ವಾಪಸು ಹತ್ತುವುದು ಕಷ್ಟವಾಗುತ್ತ ಹೋಗುತ್ತದೆ.

ಇಂಥ ಲೆಕ್ಕಗಳಿಗೆ ಗುಣಕದ ಪದ್ಧತಿಯೇ ವಾಸಿ. ಶೇ. 10 ಇಳಿಕೆ ಎಂದರೆ 0.90ರಿಂದ ಗುಣಿಸುವುದು, ಶೇ. 10 ಏರಿಕೆ ಎಂದರೆ 1.10ರಿಂದ ಗುಣಿಸುವುದು. 0.90 × 1.10 = 0.99. ಅಂದರೆ ಒಟ್ಟಾರೆ ಶೇ. 1 ನಷ್ಟ. ಏಳನೇ ತರಗತಿಯಲ್ಲೇ ಇದನ್ನು ಕಲಿತ ಮಗುವಿಗೆ ಮುಂದೆ ಚಕ್ರಬಡ್ಡಿಯ ಪಾಠ ತಾನಾಗಿಯೇ ಅರ್ಥವಾಗುತ್ತದೆ.

"50 ಪರ್ಸೆಂಟ್ + 20 ಪರ್ಸೆಂಟ್ ಸೂಟ್" (ರಿಯಾಯಿತಿ) ಎಂದರೆ 70 ಪರ್ಸೆಂಟ್ ಅಲ್ಲವೇ?

ಅಲ್ಲ. ದಾದರಿನಲ್ಲಾಗಲಿ ಪುಣೆಯ ಲಕ್ಷ್ಮಿ ರೋಡಿನಲ್ಲಾಗಲಿ ಬಟ್ಟೆ ಅಂಗಡಿಯ ಮುಂದೆ ಇಂಥ ಬೋರ್ಡು ಕಂಡರೆ ಮಗುವಿನ ಕೈಯಲ್ಲಿ ಲೆಕ್ಕ ಮಾಡಿಸಿ. 1,500 ರೂಪಾಯಿಯ ಬಟ್ಟೆ. ಮೊದಲ ಶೇ. 50 ಹೋದರೆ 750. ಮುಂದಿನ ಶೇ. 20 ಈ 750ರ ಮೇಲೆ: 150. ಕೊಡಬೇಕಾದದ್ದು 600. ಒಟ್ಟು ರಿಯಾಯಿತಿ 900, ಅಂದರೆ 1,500ರ ಶೇ. 60. ಗುಣಕದಲ್ಲಿ: 0.5 × 0.8 = 0.4.

ಮೊದಲು 20 ಆಮೇಲೆ 50 ಎಂದರೂ ಉತ್ತರ ಅದೇ, ಏಕೆಂದರೆ ಗುಣಾಕಾರದಲ್ಲಿ ಹಿಂದುಮುಂದಾದರೂ ಗುಣಲಬ್ಧ ಬದಲಾಗದು.

ಲಾಭದ ಶೇಕಡಾ ಯಾವ ಬೆಲೆಯ ಮೇಲೆ?

ಪಠ್ಯಪುಸ್ತಕದಲ್ಲಿ ಬೇರೇನೂ ಹೇಳದಿದ್ದರೆ ಲಾಭ, ನಷ್ಟ ಎರಡೂ ಕೊಂಡ ಬೆಲೆಯ ಮೇಲೆ. ರಿಯಾಯಿತಿ ನಮೂದಿಸಿದ ಬೆಲೆಯ ಮೇಲೆ. ಒಂದೇ ಪ್ರಶ್ನೆಯಲ್ಲಿ ಎರಡೂ ಬಂದರೆ ಎರಡು ಮೂಲಗಳಿವೆ ಎಂದು ಎಚ್ಚರವಾಗಬೇಕು. ವ್ಯಾಪಾರದಲ್ಲಿ ಮಾತ್ರ ಕೆಲವರು ಮಾರಿದ ಬೆಲೆಯ ಮೇಲೆ ಲಾಭ ಹೇಳುತ್ತಾರೆ. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಶಾಲೆಯ ಲೆಕ್ಕದಲ್ಲಿ ಲಾಭ ಶೇ. 25, ಮಾರಿದ ಬೆಲೆಯ ಮೇಲೆ ಹಿಡಿದರೆ ಶೇ. 20. ಅಪ್ಪನ ಅಂಗಡಿಯ ಲೆಕ್ಕವೂ ಮಗಳ ಪುಸ್ತಕದ ಲೆಕ್ಕವೂ ತಾಳೆಯಾಗದಿರಲು ಇದೇ ಕಾರಣವಿರಬಹುದು, ಇಬ್ಬರೂ ಸರಿ.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಲೆಕ್ಕ: ಎರಡು ಗಡಿಯಾರಗಳನ್ನು ತಲಾ 960 ರೂಪಾಯಿಗೆ ಮಾರಿದರು. ಒಂದರಲ್ಲಿ ಶೇ. 20 ಲಾಭ, ಇನ್ನೊಂದರಲ್ಲಿ ಶೇ. 20 ನಷ್ಟ. ಒಟ್ಟು ಏನಾಯಿತು? "ಲಾಭವೂ ಇಲ್ಲ ನಷ್ಟವೂ ಇಲ್ಲ" ಎನ್ನುವ ಉತ್ತರ ಬಾಯಿಗೆ ಬರುತ್ತದೆ. ಕೊಂಡ ಬೆಲೆಗಳನ್ನು ತೆಗೆಯಿರಿ. ಮೊದಲನೆಯದು 960 ÷ 1.20 = 800. ಎರಡನೆಯದು 960 ÷ 0.80 = 1,200. ಕೊಟ್ಟದ್ದು 2,000, ಬಂದದ್ದು 1,920. ನಷ್ಟ 80, ಅಂದರೆ ಶೇ. 4. ನಷ್ಟದ ಶೇ. 20 ದೊಡ್ಡ ಮೂಲದ ಮೇಲೆ ಬಿದ್ದಿತ್ತು, ಲಾಭದ ಶೇ. 20 ಸಣ್ಣ ಮೂಲದ ಮೇಲೆ.

ಜಿಎಸ್‌ಟಿ ಸೇರಿದ ಬೆಲೆಯಿಂದ ತೆರಿಗೆಯನ್ನು ಬೇರ್ಪಡಿಸುವುದು ಹೇಗೆ?

ಇದು ಮೂಲ ಹುಡುಕುವ ಲೆಕ್ಕ. ಶೇ. 18 ಜಿಎಸ್‌ಟಿ ಸೇರಿ 590 ರೂಪಾಯಿ ಎಂದರೆ 590 ಎನ್ನುವುದು ಮೂಲದ ಶೇ. 118. ಆದ್ದರಿಂದ 590 × 100 ÷ 118 = 500. ತೆರಿಗೆ 90. 590ರ ಮೇಲೆಯೇ ಶೇ. 18 ತೆಗೆದರೆ 106.20 ಬರುತ್ತದೆ, ಅದು ತಪ್ಪು: ತೆರಿಗೆಯ ಮೇಲೂ ತೆರಿಗೆ ತೆಗೆದ ಹಾಗಾಯಿತು.

ಉಡುಪಿ ಹೋಟೆಲಿನ ಬಿಲ್ಲನ್ನು ಮನೆಗೆ ತಂದರೆ ಮೂಲದಿಂದ ಒಟ್ಟಿನ ಕಡೆಗೆ ಹೋಗುವ ಲೆಕ್ಕವನ್ನೂ ಕಲಿಸಬಹುದು. ಶೇ. 5 ಜಿಎಸ್‌ಟಿ ಅಲ್ಲಿ ಎರಡು ಸಾಲಾಗಿ ಒಡೆದಿರುತ್ತದೆ: ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5. ತಿಂದದ್ದು 340 ರೂಪಾಯಿ ಆದರೆ ತಲಾ 8.50, ಒಟ್ಟು 357. ಇಲ್ಲಿ ಎರಡು ಶೇಕಡಾಗಳನ್ನು ನೇರ ಕೂಡಿಸಬಹುದು, ಏಕೆಂದರೆ ಎರಡಕ್ಕೂ ಮೂಲ ಅದೇ 340. 50 + 20ರ ಬೋರ್ಡಿನಲ್ಲಿ ಕೂಡಿಸಬಾರದು, ಇಲ್ಲಿ ಕೂಡಿಸಬಹುದು. ಏಕೆ ಎಂದು ಮಗು ತನ್ನ ಮಾತಿನಲ್ಲಿ ಹೇಳಲಿ.

"ಶೇಕಡಾ" ಮತ್ತು "ಶೇಕಡಾ ಅಂಶ" ಬೇರೆಯೇ?

ಬೇರೆ. ಗೋವಾದ ಸಾಕ್ಷರತೆ 2001ರಲ್ಲಿ ಶೇ. 82.01, 2011ರಲ್ಲಿ ಶೇ. 88.70. ಎರಡರ ವ್ಯತ್ಯಾಸ 6.69, ಇದನ್ನು 6.69 ಶೇಕಡಾ ಅಂಶ ಎನ್ನಬೇಕು. ಶೇಕಡಾವಾರು ಏರಿಕೆ ಕೇಳಿದರೆ 6.69 ÷ 82.01 × 100, ಅಂದರೆ ಶೇ. 8.16. ಬ್ಯಾಂಕಿನ ಬಡ್ಡಿದರ 8ರಿಂದ 10 ಆದರೆ ಏರಿದ್ದು 2 ಶೇಕಡಾ ಅಂಶ. ದರದ ಏರಿಕೆ ಶೇ. 25.

ಬಡ್ಡಿ ಲೆಕ್ಕದಲ್ಲಿ ಎಲ್ಲಿ ತಪ್ಪಾಗುತ್ತದೆ?

ಹೆಚ್ಚಾಗಿ ಅವಧಿಯಲ್ಲಿ. ದರ ವರ್ಷಕ್ಕೆ ಕೊಟ್ಟಿರುತ್ತಾರೆ, ಅವಧಿ ತಿಂಗಳಲ್ಲಿ ಇರುತ್ತದೆ. 20,000 ರೂಪಾಯಿಗೆ ಶೇ. 7ರಂತೆ 8 ತಿಂಗಳ ಸರಳ ಬಡ್ಡಿ ಬೇಕಾದರೆ ಅವಧಿ 8 ಅಲ್ಲ, 8/12 ವರ್ಷ. ಬಡ್ಡಿ 933.33.

ಮೂರು ವರ್ಷಕ್ಕೆ ಸರಳ ಬಡ್ಡಿ 4,200. ಚಕ್ರಬಡ್ಡಿಯಾದರೆ ಪ್ರತಿ ವರ್ಷ ಮೂಲ ಬದಲಾಗುತ್ತದೆ: ಮೊದಲ ವರ್ಷ 20,000ರ ಮೇಲೆ 1,400, ಎರಡನೆಯ ವರ್ಷ 21,400ರ ಮೇಲೆ 1,498, ಮೂರನೆಯ ವರ್ಷ 22,898ರ ಮೇಲೆ 1,602.86. ಒಟ್ಟು 4,500.86. ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಹೀಗೆ ವರ್ಷವರ್ಷವೂ ಬರೆಸಿ.

ಊರ ಕಡೆಯ ಮಾತಿನಲ್ಲಿ "ನೂರಕ್ಕೆ ಎರಡು ರೂಪಾಯಿ ಬಡ್ಡಿ" ಎಂದರೆ ಅದು ತಿಂಗಳ ಲೆಕ್ಕ. ಕೇಳಲು ಎರಡೇ ರೂಪಾಯಿ, ವರ್ಷಕ್ಕೆ ಶೇ. 24. ಬಡ್ಡಿ ಕಟ್ಟದೆ ತಿಂಗಳು ತಿಂಗಳೂ ಅಸಲಿಗೆ ಸೇರುತ್ತ ಹೋದರೆ ವರ್ಷಕ್ಕೆ ಶೇ. 26.82. ಹತ್ತನೇ ತರಗತಿ ಮುಗಿಸುವ ಪ್ರತಿ ಮಗುವೂ ಇದನ್ನು ಲೆಕ್ಕ ಮಾಡಿ ತೋರಿಸುವಂತಿರಬೇಕು.

ಮಗು ಮರಾಠಿ ಮಾಧ್ಯಮದಲ್ಲಿದೆ. ಪುಸ್ತಕದ ಪದಗಳು ನಮಗೆ ತಿಳಿಯುವುದಿಲ್ಲ.

ಟಕ್ಕೆ ಎಂದರೆ ಶೇಕಡಾ. ನಫಾ ಲಾಭ, ತೋಟಾ ನಷ್ಟ, ಸೂಟ್ ರಿಯಾಯಿತಿ. ಖರೇದಿ ಕಿಂಮತ್ ಕೊಂಡ ಬೆಲೆ, ವಿಕ್ರಿ ಕಿಂಮತ್ ಮಾರಿದ ಬೆಲೆ, ಛಾಪೀಲ ಕಿಂಮತ್ ನಮೂದಿಸಿದ ಬೆಲೆ. ಮುದ್ದಲ್ ಅಸಲು, ವ್ಯಾಜ್ ಬಡ್ಡಿ, ರಾಸ್ ಎಂದರೆ ಅಸಲು ಬಡ್ಡಿ ಸೇರಿದ ಮೊತ್ತ, ಚಕ್ರವಾಢ ವ್ಯಾಜ್ ಚಕ್ರಬಡ್ಡಿ. ಪ್ರಶ್ನೆಯಲ್ಲಿ "ದ.ಸಾ.ದ.ಶೇ." ಎಂದು ಕಂಡರೆ ಅದು "ದರ್ ಸಾಲ್ ದರ್ ಶೇಕಡಾ", ಅಂದರೆ ವರ್ಷಕ್ಕೆ ನೂರಕ್ಕೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ಪಾಠ ಹೇಳಿಕೊಡುವುದು ಸಲೀಸು.

ವೃತ್ತಾಲೇಖದಲ್ಲಿ ಶೇಕಡಾವನ್ನು ಕೋನ ಮಾಡುವುದು ಹೇಗೆ?

ಪೂರ್ತಿ ವೃತ್ತ 360 ಡಿಗ್ರಿ, ಅದು ಶೇ. 100. ಆದ್ದರಿಂದ ಶೇ. 1 ಎಂದರೆ 3.6 ಡಿಗ್ರಿ. ಏಳು ಜಲಾಶಯಗಳ ವೃತ್ತಾಲೇಖ ಬರೆದರೆ ಭಾತ್ಸಾದ ಶೇ. 49.54ಕ್ಕೆ ಸುಮಾರು 178 ಡಿಗ್ರಿ, ಹೆಚ್ಚುಕಡಿಮೆ ಅರ್ಧ ವೃತ್ತ. ತುಳಸಿಗೆ ಸಿಗುವುದು 2 ಡಿಗ್ರಿ. ಪೆನ್ಸಿಲಿನ ಗೆರೆಯೇ ಅಷ್ಟು ದಪ್ಪ ಇರುತ್ತದೆ. ಕೋನಗಳನ್ನು ಕೂಡಿಸಿ 360 ಬಂತೇ ಎಂದು ನೋಡದೆ ಕೋನಮಾಪಕ ಕೈಗೆತ್ತಿಕೊಳ್ಳಬೇಡಿ.

ಶೇ. 0.5 ಮತ್ತು 0.5 ಒಂದೇ ಅಲ್ಲವೇ?

ಅಲ್ಲ, ನೂರು ಪಟ್ಟು ವ್ಯತ್ಯಾಸವಿದೆ. 0.5 ಎಂದರೆ ಅರ್ಧ, ಅಂದರೆ ಶೇ. 50. ಶೇ. 0.5 ಎಂದರೆ 0.005. 2,000 ರೂಪಾಯಿಯ 0.5 ಭಾಗ 1,000, ಶೇ. 0.5 ಎಂದರೆ 10.

ಉತ್ತರದಲ್ಲಿ ದಶಮಾಂಶ ಎಷ್ಟು ಸ್ಥಾನದವರೆಗೆ ಬೇಕು?

ಪ್ರಶ್ನೆಯಲ್ಲಿ ಹೇಳಿದ್ದರೆ ಅಷ್ಟು; ಹೇಳದಿದ್ದರೆ ಎರಡು ಸ್ಥಾನ ಸಾಕು. ಆದರೆ ಅಂದಾಜು ಮಾಡುವುದು ಕೊನೆಯ ಹೆಜ್ಜೆಯಲ್ಲಿ ಮಾತ್ರ. 2,40,000 ರೂಪಾಯಿಯ ಶೇ. 33⅓ ಎಂದರೆ ಮೂರರಲ್ಲಿ ಒಂದು ಭಾಗ, ಸರಿಯಾಗಿ 80,000. ಮೊದಲೇ 33.33 ಎಂದು ಕತ್ತರಿಸಿದರೆ 79,992 ಬರುತ್ತದೆ. 33 ಎಂದು ಕತ್ತರಿಸಿದರೆ 79,200. ಭಿನ್ನರಾಶಿಯನ್ನು ಕೊನೆಯವರೆಗೂ ಭಿನ್ನರಾಶಿಯಾಗಿಯೇ ಕೊಂಡೊಯ್ಯಿರಿ.

ಹೋಟೆಲಿನ ಬಿಲ್ಲಿನಲ್ಲಿ ಒಂದೊಂದು ತೆರಿಗೆಯ ಸಾಲನ್ನೂ ಪೈಸೆಗೆ ಸರಿಪಡಿಸಿರುತ್ತಾರೆ. 245ರ ಶೇ. 2.5 ಎಂದರೆ 6.125; ಬಿಲ್ಲಿನಲ್ಲಿ 6.13 ಎಂದು ಎರಡು ಸಲ ಬಂದರೆ ಒಟ್ಟು 12.26, ಮಗು ಶೇ. 5 ತೆಗೆದರೆ 12.25. ಈ ಒಂದು ಪೈಸೆ ಯಾರ ತಪ್ಪೂ ಅಲ್ಲ. ಬಿಲ್ಲಿನ ಕೊನೆಗೆ "ರೌಂಡ್ ಆಫ್" ಸಾಲು ಬಂದು 257 ಆಗಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ 257.25 ಎಂದೇ ಬರೆಯಿರಿ.